ತನು, ಮನ, ದನ

ಮೊನ್ನೆಯವರೆಗೂ ನನ್ನ ಬೆಳಗು ಶುರುವಾಗುತ್ತಿದ್ದುದು ಹೀಗೆ. ಲ್ಯಾಪ್‌ಟಾಪಿನ ಗುಂಡಿ ಒತ್ತಿ ಅಡುಗೆಮನೆಗೆ ಹೋಗುತ್ತಿದ್ದೆ. ಹಾಲಿನ ಪೊಟ್ಟಣ ಕತ್ತರಿಸಿ, ಕಾಯಿಸಿ, ರಾತ್ರಿಯೇ ಇಳಿಸಿಟ್ಟ ಡಿಕಾಕ್ಷನ್ನಿಗೆ ಬೆರೆಸಿ, ನೊರೆ ಬರುವಂತೆ ಎತ್ತಿ ಹೊಯ್ದು, ಒಂದು ಲೋಟ ಹೆಂಡತಿಗೆ ಕೊಟ್ಟು, ಇನ್ನೊಂದನ್ನು ಹಿಡಿದು ವಾಪಸು ಬರುವ ಹೊತ್ತಿಗೂ ಪರದೆಯ ಮೇಲೆ ಬಿಳಿಯ ಚುಕ್ಕಿಗಳು ಪ್ರದಕ್ಷಿಣೆ ಹಾಕುತ್ತಲೇ ಇರುತ್ತಿದ್ದವು. ಗಡಿಯಾರ ಹಿಡಿದು ನೋಡಿದ್ದೇನೆ, ಸರಿಯಾಗಿ 7 ನಿಮಿಷ. ಪರದೆ ಬಂದಮೇಲೂ ಇಮೇಲ್ ತೆರೆಯಲು ಇನ್ನೆರಡು ನಿಮಿಷ. ಅಷ್ಟರಲ್ಲಿ ಕಾಫಿ ಮುಗಿದಿರುತ್ತಿತ್ತು.

ಇದು ನನ್ನ ಕರ್ಮಫಲ ಎಂದು ಹೆಂಡತಿಯ ಅಭಿಪ್ರಾಯ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ 2017ರಲ್ಲಿ ನಿವೃತ್ತನಾದವನು. ಕೊನೆಯ ಹತ್ತು ಹನ್ನೆರಡು ವರ್ಷ ಕೌಂಟರಿನ ಹಿಂದೆ ಕುಳಿತು ನಾನು ಅತಿ ಹೆಚ್ಚು ಬಾರಿ ಆಡಿದ ಮಾತು, "ಸಿಸ್ಟಂ ನಿಧಾನ ಇದೆ, ಊಟದ ಮೇಲೆ ಬನ್ನಿ" ಎನ್ನುವುದೇ. ಹೇಳುವಾಗ ಮುಖದಲ್ಲಿ ಒಂದು ನಿರ್ಲಿಪ್ತಭಾವ ಇರಬೇಕು. ನಿಧಾನವಾಗಿರುವುದು ಸಿಸ್ಟಂ, ನಾವಲ್ಲ ಎನ್ನುವುದು ಗ್ರಾಹಕರಿಗೆ ಮನವರಿಕೆಯಾಗಬೇಕು. ಅಷ್ಟು ಜನರನ್ನು ಬಿಸಿಲಿಗೆ ವಾಪಸು ಕಳಿಸಿದ ಪುಣ್ಯವೇ ಈಗ ಮನೆಗೆ ಬಂದು ಕುಳಿತಿದೆಯಂತೆ.

ಯಂತ್ರದ ಜಾತಕವನ್ನೂ ಹೇಳಿಬಿಡುತ್ತೇನೆ. 2013ರಲ್ಲಿ ಕೊಂಡದ್ದು. 4 ಜಿಬಿ ಸ್ಮೃತಿ, ನಿಮಿಷಕ್ಕೆ 5400 ಸುತ್ತು ತಿರುಗುವ 500 ಜಿಬಿ ತಟ್ಟೆ, ಅಂದರೆ ಹಾರ್ಡ್ ಡಿಸ್ಕ್. ಬ್ಯಾಟರಿ ಎಂದೋ ತೀರಿಕೊಂಡಿರುವುದರಿಂದ ಸದಾ ಗೋಡೆಯ ವೈರಿಗೆ ಕಟ್ಟಿಹಾಕಿರಬೇಕು. 2016ರಲ್ಲಿ ವಿಂಡೋಸ್ 10 ಪುಕ್ಕಟೆಯಾಗಿ ಸಿಕ್ಕಿತೆಂದು ಹಾಕಿಸಿಕೊಂಡೆ. ಆ ವಿಂಡೋಸ್ 10 ಕೂಡ 2025ರ ಅಕ್ಟೋಬರ್ 14ರಂದು ನಿವೃತ್ತವಾಯಿತು. ಹೆಸರು ನೋಂದಾಯಿಸಿಕೊಂಡ ಮೇಲೆ ಭದ್ರತೆಯ ತೇಪೆಗಳಿಗೆ ಮಾತ್ರ ಒಂದು ವರ್ಷದ ಮುಂದುವರಿಕೆ ಸಿಕ್ಕಿದೆ. ವಿಂಡೋಸ್ 11ಕ್ಕೆ ಬಡ್ತಿ ಕೊಡಿ ಎಂದರೆ, ಈ ಪ್ರೊಸೆಸರ್ ಅರ್ಹವಲ್ಲ ಎಂಬ ಉತ್ತರ. ವಯೋಮಿತಿ ಮೀರಿದ ನೌಕರನ ಅರ್ಜಿ ತಿರಸ್ಕರಿಸುವ ಭಾಷೆಯೇ ಅದು. ನನಗೆ ಓದಿದ ಕೂಡಲೇ ಗುರುತು ಹತ್ತಿತು.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಕ್ಕನ ಮಗನಿಗೆ ಫೋನ್ ಮಾಡಿದರೆ, "ಹೊಸದು ತೆಗೆದುಕೊಳ್ಳಿ ಮಾವ" ಎಂದ. ಇದನ್ನು ಹೇಳಲು ಎಂಜಿನಿಯರಿಂಗ್ ಓದಬೇಕೆ? ಸಿಟ್ಟಿನಲ್ಲಿ ಫೋನಿಟ್ಟು, ಬೆಳಗಿನ ವಾಕಿಂಗ್ ಗೆಳೆಯರ ಮುಂದೆ ಸಮಸ್ಯೆಯನ್ನು ಇಟ್ಟೆ. ಅಲ್ಲಿಂದ ಶುರುವಾಯಿತು.

ನಮ್ಮ ವಾಕಿಂಗ್ ಬಳಗದಲ್ಲಿ ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ಎಂಜಿನಿಯರರೊಬ್ಬರಿದ್ದಾರೆ. ಮಂಡಿನೋವಿನಿಂದ ಹಿಡಿದು ಮಂಗಳಯಾನದವರೆಗೆ ಅವರಿಗೆ ಎಲ್ಲವೂ ಗೊತ್ತು. ಅವರು ನನ್ನನ್ನು ಹೊಂಗೆಮರದ ಕೆಳಗೆ ಕರೆದೊಯ್ದು ಪಿಸುದನಿಯಲ್ಲಿ ಹೇಳಿದರು: "ಕಂಪನಿಯವರು ಬೇಕೆಂದೇ ಒಂದೇ ಎಂಜಿನ್ ಓಡುವ ಹಾಗೆ ಇಟ್ಟಿರುತ್ತಾರೆ. ಎಂಎಸ್‌ಕಾನ್ಫಿಗ್ ಎಂದು ಟೈಪ್ ಮಾಡಿ, ಬೂಟ್ ಎನ್ನುವುದರ ಒಳಗೆ ಹೋಗಿ. ಪ್ರೊಸೆಸರುಗಳ ಸಂಖ್ಯೆ ಎಂಬ ಚೌಕ ಖಾಲಿ ಇರುತ್ತದೆ. ಅಲ್ಲಿ ಟಿಕ್ ಹಾಕಿದರೆ ಮಲಗಿದ್ದವೆಲ್ಲ ಏಳುತ್ತವೆ."

ಮನೆಗೆ ಬಂದು ನೋಡಿದರೆ ಚೌಕ ನಿಜಕ್ಕೂ ಖಾಲಿಯಿತ್ತು. ಖಾಲಿ ಚೌಕ ಕಂಡರೆ ಬ್ಯಾಂಕಿನವನಿಗೆ ಸಹಿಸಲಾಗುವುದಿಲ್ಲ. ಟಿಕ್ ಹಾಕಿದೆ. ಕೆಳಗೆ 1 ಎಂದು ಬಂತು. ಒಂದನೇ ದರ್ಜೆ ಇರಬಹುದು ಎಂದುಕೊಂಡು ಒಪ್ಪಿಗೆ ಕೊಟ್ಟು ರಿಸ್ಟಾರ್ಟ್ ಮಾಡಿದೆ. ಮಾರನೆಯ ದಿನದಿಂದ 7 ನಿಮಿಷದ್ದು 11 ನಿಮಿಷವಾಯಿತು. ಗೆಳೆಯರನ್ನು ಕೇಳಿದರೆ, "ಹೊಸ ಎಂಜಿನ್ನುಗಳು ಪಳಗಲು ಸಮಯ ಬೇಡವೇ?" ಎಂದರು. ಹೌದಲ್ಲ ಎನ್ನಿಸಿತು. ಹೊಸ ಸ್ಕೂಟರನ್ನೂ ಮೊದಮೊದಲು ನಿಧಾನವಾಗಿಯೇ ಓಡಿಸುತ್ತೇವೆ.

ಪಳಗುವವರೆಗೆ ಸುಮ್ಮನೆ ಕುಳಿತಿರಲಾಗದೆ, ಇನ್ನೊಬ್ಬರು ಹೇಳಿದ ಎರಡನೆಯ ಮದ್ದು ಮಾಡಿದೆ. ಸಿಸ್ಟಂ ಸೆಟ್ಟಿಂಗಿನೊಳಗೆ ಪರ್ಫಾರ್ಮೆನ್ಸ್ ಎಂಬ ವಿಭಾಗವಿದೆ. ಕಿಟಕಿಗಳು ತೇಲಿ ಬರುವುದು, ಮೆನುವಿನ ಕೆಳಗೆ ನೆರಳು ಬೀಳುವುದು ಮುಂತಾದ ಅಲಂಕಾರಗಳ ಪಟ್ಟಿ ಅಲ್ಲಿರುತ್ತದೆ. 'ಅತ್ಯುತ್ತಮ ವೇಗಕ್ಕೆ ಹೊಂದಿಸು' ಎಂದು ಒಂದು ಚುಕ್ಕೆ ಒತ್ತಿದರೆ ಎಲ್ಲ ಟಿಕ್ಕುಗಳೂ ಒಟ್ಟಿಗೇ ಮಾಯ. ಈ ಮದ್ದು ಅಪಾಯದ್ದಲ್ಲ, ಬೇಕೆಂದಾಗ ಹಿಂದಕ್ಕೆ ಬರಬಹುದು. ಆದರೆ ಆ ಪಟ್ಟಿಯಲ್ಲಿ ಬರೀ ಒಡವೆಗಳಲ್ಲ, ಉಟ್ಟ ಬಟ್ಟೆಯೂ ಇರುತ್ತದೆ. ಅಕ್ಷರಗಳ ಅಂಚನ್ನು ನಯಗೊಳಿಸುವ ಟಿಕ್ ಅಲ್ಲೇ ಇದೆ. ಫೋಟೋಗಳ ಪುಟ್ಟ ರೂಪ ತೋರಿಸುವುದೂ ಅಲ್ಲೇ. ನಾನು ಎರಡನ್ನೂ ಕಳಚಿಹಾಕಿದ್ದೆ.

ಇಂಗ್ಲಿಷಿನ ಅಕ್ಷರ ಇಂಥ ಬರಗಾಲವನ್ನು ಹೇಗೋ ತಡೆದುಕೊಳ್ಳುತ್ತದೆ. ಅದು ಕಡ್ಡಿಗಳ ಲಿಪಿ. ಕನ್ನಡದ್ದು ಪೂರಾ ದುಂಡು. ಮೇಲೆ ತಲೆಕಟ್ಟು, ಕೆಳಗೆ ಒತ್ತು, ಬದಿಯಲ್ಲಿ ಕೊಂಬು. ಅಂಚು ನಯವಾಗಿರದಿದ್ದರೆ ಚಿಕ್ಕ ಗಾತ್ರದ 'ಕ್ಷ್ಮಿ' ಮಂಡಕ್ಕಿ ಚೆಲ್ಲಿದ ಹಾಗೆ ಕಾಣುತ್ತದೆ. ದಿನವೂ ನನ್ನ ಪಕ್ಕ ಕುಳಿತು ಪತ್ರಿಕೆ ಓದುವ ಹೆಂಡತಿ, "ರೀ, ಅಕ್ಷರಗಳೆಲ್ಲ ಇರುವೆ ಸಾಲಿನಂತೆ ಕಾಣುತ್ತಿವೆ" ಎಂದಳು. ಕನ್ನಡಕದ ನಂಬರು ಹೆಚ್ಚಾಗಿರಬೇಕು ಎಂದೆ, ಕನಿಕರದಿಂದ. ನನಗೂ ಹಾಗೆಯೇ ಕಾಣುತ್ತಿತ್ತು ಎನ್ನುವುದನ್ನು ಹೇಳಲಿಲ್ಲ. ಒಂದೇ ತಿಂಗಳಲ್ಲಿ ಎರಡು ಕನ್ನಡಕದ ಖರ್ಚು ಬೇಡವಾಗಿತ್ತು. ಅವಳು ಕಣ್ಣಿನ ವೈದ್ಯರ ಬಳಿ ಹೋಗಿ, ಸುಡುವ ಹನಿ ಹಾಕಿಸಿಕೊಂಡು, ಅರ್ಧ ದಿನ ಕಣ್ಣು ಮುಚ್ಚಿ ಕುಳಿತು ಬಂದಳು. ನಂಬರು ಕಾಲು ಅಂಶವೂ ಬದಲಾಗಿರಲಿಲ್ಲ. "ಕಣ್ಣು ಸರಿಯಿದೆಯಮ್ಮ, ನೋಡುವ ವಸ್ತುವನ್ನು ಬದಲಿಸಿ" ಎಂದರಂತೆ ವೈದ್ಯರು. ಹಾಗೆ ಹೇಳುವಾಗ ಅವಳು ಕಂಪ್ಯೂಟರಿನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು.

ಅದೇ ವಾರ ಮೊಮ್ಮಗಳ ನಾಮಕರಣದ ಫೋಟೋಗಳೆಲ್ಲ ಅಳಿಸಿಹೋಗಿವೆಯೆಂದು ಮನೆಯಲ್ಲಿ ಗದ್ದಲ. ಅಳಿಸಿರಲಿಲ್ಲ. ಮುನ್ನೂರು ಫೋಟೋಗಳಿಗೂ ಒಂದೇ ನೀಲಿ ಗುಡ್ಡದ ಗುರುತು ಬಂದು ಕುಳಿತಿತ್ತು, ಅಷ್ಟೆ. ಒಂದೊಂದನ್ನೂ ತೆರೆದರೆ ಮಗು ಒಳಗೇ ಇತ್ತು.

ಇಷ್ಟಕ್ಕೇ ನಿಂತಿದ್ದರೆ ಮನೆಯ ಮಾನ ಮನೆಯಲ್ಲೇ ಉಳಿಯುತ್ತಿತ್ತು. ನಮ್ಮ ಬಡಾವಣೆಯ ಈಶ್ವರನ ಗುಡಿಯ ಜೀರ್ಣೋದ್ಧಾರ ಸಮಿತಿಗೆ ನಾನು ಖಜಾಂಚಿ. ಬ್ಯಾಂಕಿನಲ್ಲಿದ್ದವನು ಎಂಬ ಒಂದೇ ಅರ್ಹತೆಯ ಮೇಲೆ ಆ ಹುದ್ದೆ ನನಗೆ ಅಂಟಿಕೊಂಡಿದೆ. ಕರಪತ್ರದ ಬರಹವನ್ನು ಟೈಪ್ ಮಾಡಿ ಪ್ರೆಸ್ಸಿಗೆ ಕಳಿಸುವ ಕೆಲಸವೂ ನನ್ನದೇ. ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದ ಕೀಲಿಮಣೆಯಲ್ಲಿ ಇಂಗ್ಲಿಷಿನ ಡಿ ಒತ್ತಿದರೆ ಅಲ್ಪಪ್ರಾಣದ ದ, ಶಿಫ್ಟ್ ಹಿಡಿದು ಒತ್ತಿದರೆ ಮಹಾಪ್ರಾಣದ ಧ. ಎರಡಕ್ಕೂ ವ್ಯತ್ಯಾಸವೆಂದರೆ ಹೊಟ್ಟೆಯ ಕೆಳಗಿನ ಒಂದು ಪುಟ್ಟ ಸೀಳು. ನಾನು ಒತ್ತಿದ ಅಕ್ಷರ ಪರದೆಗೆ ಬರುವುದು ನಾನು ಮುಂದಿನ ಪದ ಮುಗಿಸಿದ ಮೇಲೆ. ಬಂದ ಅಕ್ಷರವೂ ಮಂಡಕ್ಕಿ. ಎರಡೆರಡು ಸಲ ಓದಿ, ಸರಿಯಿದೆ ಎಂದು ಕಳಿಸಿಬಿಟ್ಟೆ.

ಐನೂರು ಪ್ರತಿ ಅಚ್ಚಾಗಿ ಬಂದವು. ಹಳದಿ ಕಾಗದ, ಕೆಂಪು ಅಕ್ಷರ. ನಡುವೆ ದಪ್ಪಕ್ಷರದಲ್ಲಿ, "ಭಕ್ತಾದಿಗಳು ತನು, ಮನ, ದನಗಳಿಂದ ಸಹಕರಿಸಬೇಕಾಗಿ ವಿನಂತಿ."

ಹಂಚಿ ಮುಗಿದ ಮೇಲೆಯೇ ಇದು ಕಣ್ಣಿಗೆ ಬಿದ್ದದ್ದು. ನಾನು ನೇರ ಪ್ರೆಸ್ಸಿಗೆ ಹೋಗಿ ಕೂಗಾಡಿದೆ. ಅಲ್ಲಿಯ ಹುಡುಗ ಎದುರಾಡದೆ ತನ್ನ ಕಂಪ್ಯೂಟರಿನಲ್ಲಿ ನಾನು ಕಳಿಸಿದ ಕಡತವನ್ನೇ ತೆರೆದು ತೋರಿಸಿದ. ಅವನ ಪರದೆಯ ಮೇಲೆ ಅಕ್ಷರಗಳು ಬೆಣ್ಣೆಯ ಹಾಗೆ ನುಣುಪಾಗಿದ್ದವು. ದನ ಸ್ಪಷ್ಟವಾಗಿ ಕಾಣುತ್ತಿತ್ತು. "ತಿದ್ದೋಣ ಎಂದುಕೊಂಡೆ ಸಾರ್. ಆದರೆ ಈಶ್ವರನ ಗುಡಿಯಲ್ಲವೇ, ಬಸವನ ವಿಚಾರ ಏನಾದರೂ ಇರಬಹುದು ಎಂದು ಬಿಟ್ಟೆ" ಎಂದ. ವಾಕಿಂಗ್ ಬಳಗದಲ್ಲಿ ಒಂದು ವಾರ ಬೇರೆ ಮಾತೇ ಇರಲಿಲ್ಲ. ಗುಡಿಯ ಹಿಂದೆ ಗೋದಲಿ ಎಷ್ಟು ಉದ್ದ ಕಟ್ಟಿಸುತ್ತೀರಿ, ಹಿಂಡಿಬೂಸಾಕ್ಕೆ ಬೇರೆ ಖಾತೆ ತೆರೆದಿದ್ದೀರಾ, ರಸೀದಿಯಲ್ಲಿ ಕೊಂಬಿನ ಅಳತೆ ಬರೆಯುತ್ತೀರಾ ಎಂದೆಲ್ಲ ವಿಚಾರಣೆ. ಹೊರವಲಯದ ಹಳ್ಳಿಯಿಂದ ಒಬ್ಬ ಹಿರಿಯರು ಮಾತ್ರ ಗಂಭೀರವಾಗಿಯೇ ಫೋನ್ ಮಾಡಿದರು: "ಹಣ ಕೊಡುವ ಶಕ್ತಿ ಇಲ್ಲ ಸ್ವಾಮಿ, ಒಂದು ಗಂಡುಕರು ಇದೆ, ಆಗುತ್ತದೆಯೇ?" ಅವರಿಗೆ ಏನು ಹೇಳುವುದೆಂದು ತಿಳಿಯದೆ, ಹಳೆಯ ಅಭ್ಯಾಸಬಲದಿಂದ, ಊಟದ ಮೇಲೆ ಫೋನ್ ಮಾಡಿ ಎಂದುಬಿಟ್ಟೆ.

ಮೂರನೆಯ ಮದ್ದಿನ ವಿಷಯವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಮನೆಯಲ್ಲಿ ಅದರ ಪ್ರಸ್ತಾಪಕ್ಕೆ ಇನ್ನೂ ಅನುಮತಿಯಿಲ್ಲ. ಸೆಟ್ಟಿಂಗಿನಲ್ಲಿ ತಾತ್ಕಾಲಿಕ ಕಡತಗಳನ್ನು ಅಳಿಸುವ ಪುಟವೊಂದಿದೆ. ಕಸ ಗುಡಿಸಲು ಒಳ್ಳೆಯ ಜಾಗವೇ. ಆದರೆ ಆ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಎಂದೂ ಒಂದು ಸಾಲಿರುತ್ತದೆ, ತಾನಾಗಿ ಟಿಕ್ ಇರುವುದಿಲ್ಲ. ಖಾಲಿ ಚೌಕ. ನನ್ನ ಸ್ವಭಾವ ಆಗಲೇ ಹೇಳಿದ್ದೇನೆ. ಹೆಂಡತಿ ವರ್ಷಗಳಿಂದ ಇಳಿಸಿಕೊಂಡು ಕೂಡಿಟ್ಟಿದ್ದ ನೂರನಲವತ್ತು ದೇವರನಾಮಗಳು ಅದೇ ಫೋಲ್ಡರಿನಲ್ಲಿದ್ದವು. ಕಸದಬುಟ್ಟಿಯಲ್ಲಿ ಹುಡುಕಿದೆ, ಅಲ್ಲಿಯೂ ಇಲ್ಲ. ಹೀಗೆ ಅಳಿಸಿದ್ದು ಬುಟ್ಟಿಗೂ ಬೀಳುವುದಿಲ್ಲ. ನೂರನಲವತ್ತು ದೇವರನಾಮ ತಾತ್ಕಾಲಿಕವೇ ಎಂದು ಅವಳು ಒಂದೇ ಒಂದು ಸಲ ಕೇಳಿದಳು. ಆಮೇಲೆ ಮೂರು ದಿನ ಹುಳಿ ಇಲ್ಲ, ತಿಳಿಸಾರು ಮಾತ್ರ.

ಯುಗಾದಿಗೆ ಅಕ್ಕನ ಮಗ ಬಂದ. ಅವನನ್ನು ನಾನು ಕರೆದಿರಲಿಲ್ಲ, ಅವನತ್ತೆ ಕರೆಸಿದ್ದಳು. ಒಬ್ಬಟ್ಟು ತಿಂದು, ಕೈ ತೊಳೆದು, ಕಂಪ್ಯೂಟರಿನ ಮುಂದೆ ಕುಳಿತು, ಒಳಗೆ ಏನೇನು ಓಡುತ್ತಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದ.

"ಮಾವ, ಇದನ್ನು ರಿಸ್ಟಾರ್ಟ್ ಮಾಡಿ ಎಷ್ಟು ದಿನವಾಯಿತು?"

"ದಿನಾ ರಾತ್ರಿ ಆರಿಸಿಯೇ ಮಲಗುತ್ತೇನೆ" ಎಂದೆ, ಘನತೆಯಿಂದ.

ಅವನು ಪರದೆ ತೋರಿಸಿದ. 41 ದಿನದಿಂದ ಎಚ್ಚರವಾಗಿದೆ ಎಂದು ಬರೆದಿತ್ತು. ಶಟ್‌ಡೌನ್ ಮಾಡಿದರೆ ವಿಂಡೋಸ್ 10 ಪೂರ್ತಿ ಮಲಗುವುದಿಲ್ಲವಂತೆ. ಮರುದಿನ ಬೇಗ ಏಳುವ ಆಸೆಗೆ, ತನ್ನ ಒಳಮನಸ್ಸನ್ನು ತಟ್ಟೆಯ ಮೇಲೆ ಬರೆದಿಟ್ಟುಕೊಂಡು ಕಣ್ಣು ಮುಚ್ಚುತ್ತದಂತೆ. ರಿಸ್ಟಾರ್ಟ್ ಒತ್ತಿದರೆ ಮಾತ್ರ ತಲೆಗೆ ಸ್ನಾನ. ನಾನು 41 ದಿನದಿಂದ ಸ್ನಾನವಿಲ್ಲದ ಯಂತ್ರದ ಮುಂದೆ ಕುಳಿತು ಕಾಫಿ ಕುಡಿಯುತ್ತಿದ್ದೆ.

ಎಂಎಸ್‌ಕಾನ್ಫಿಗ್ ನೋಡಿ ಅವನು ನಕ್ಕ ನಗೆ ಪಕ್ಕದ ಮನೆಗೂ ಕೇಳಿಸಿರಬೇಕು. ಆ ಚೌಕ ಖಾಲಿಯಿದ್ದರೇ ಎಲ್ಲ ಪ್ರೊಸೆಸರುಗಳೂ ಕೆಲಸ ಮಾಡುತ್ತಿರುತ್ತವೆ. ಟಿಕ್ ಹಾಕಿದರೆ ಬರೆದಷ್ಟೇ ಸಂಖ್ಯೆಗೆ ಮಿತಿ; ಪರೀಕ್ಷೆ ಮಾಡುವವರಿಗೆಂದು ಇಟ್ಟಿರುವ ಸೌಲಭ್ಯ ಅದು. ನಾಲ್ಕು ಮಂದಿ ಬಡಿಸುವವರಿದ್ದ ಪಂಕ್ತಿಯಲ್ಲಿ ಮೂವರನ್ನು ಮನೆಗೆ ಕಳಿಸಿ, ಅನ್ನ ಸಾರು ಪಾಯಸ ಎಲ್ಲವನ್ನೂ ನಾನು ಒಬ್ಬನ ಕೈಯಲ್ಲೇ ಬಡಿಸುತ್ತಿದ್ದೆ. "ಮುಟ್ಟುವ ಮೊದಲು, ಕೆಟ್ಟರೆ ಹಳೆಯ ಸ್ಥಿತಿಗೆ ಮರಳಲು ರಿಸ್ಟೋರ್ ಪಾಯಿಂಟ್ ಮಾಡಿಟ್ಟುಕೊಂಡಿದ್ದಿರಾ?" ಎಂದು ಕೇಳಿದ. ನಕಲು ಪ್ರತಿ ಇಲ್ಲದೆ ಒಂದು ಚಲನ್ನನ್ನೂ ಪಾಸು ಮಾಡದೆ ಮೂವತ್ತು ವರ್ಷ ಕಳೆದವನು ನಾನು. ಉತ್ತರ ಕೊಡದೆ ಫ್ಯಾನಿನ ಕಡೆ ನೋಡಿದೆ.

ನಿಜವಾದ ರೋಗ ಇದ್ದದ್ದು ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ. ಗುಂಡಿ ಒತ್ತಿದೊಡನೆ ತಾವಾಗಿಯೇ ಎದ್ದು ಕೂರುವ ಹತ್ತೊಂಬತ್ತು ತಂತ್ರಾಂಶಗಳು ಅಲ್ಲಿದ್ದವು. 2016ರಲ್ಲೇ ಗುಜರಿಗೆ ಹೋದ ಪ್ರಿಂಟರಿನ ಶಾಯಿ ಎಷ್ಟಿದೆ ಎಂದು ಪ್ರತಿ ಬೆಳಿಗ್ಗೆ ನೋಡಲು ಬರುವುದು ಒಂದು. ಎಂದೋ ಕಳೆದುಹೋದ ಇಂಟರ್ನೆಟ್ ಡಾಂಗಲ್ಲಿನ ದಾರಿ ಕಾಯುವುದು ಇನ್ನೊಂದು. ಎರಡೆರಡು ಆಂಟಿವೈರಸ್, ಒಂದೇ ಮನೆಗೆ ಇಬ್ಬರು ಕಾವಲುಗಾರರು, ಒಬ್ಬ ಹಾಕಿದ ಬೀಗವನ್ನು ಇನ್ನೊಬ್ಬ ರಾತ್ರಿಯೆಲ್ಲ ಎಳೆದೆಳೆದು ನೋಡುವುದು. ಅವನು ಒಂದು ಆಂಟಿವೈರಸ್ಸನ್ನು ಕಿತ್ತುಹಾಕಿದ. ಉಳಿದವನ್ನು ಅಳಿಸಲಿಲ್ಲ, ಬೆಳಗಿನ ಹಾಜರಿಯಿಂದ ಬಿಡುಗಡೆ ಮಾಡಿದ; ಬೇಕೆಂದಾಗ ಕರೆದರೆ ಬರುತ್ತವೆ. ನುಡಿಯನ್ನು ಮಾತ್ರ ಬಿಡಪ್ಪಾ ಎಂದು ಬೇಡಿಕೊಂಡೆ. ಅದನ್ನು ಬಿಟ್ಟ. ಅಲಂಕಾರದ ಪಟ್ಟಿಯಲ್ಲಿ ಅಕ್ಷರದ ಅಂಚು, ಫೋಟೋದ ಮುಖ ಎರಡಕ್ಕೆ ಟಿಕ್ ವಾಪಸು ಬಂತು. ನೆರಳು, ತೇಲಾಟಗಳಿಗೆ ಬರಲಿಲ್ಲ. ಅವಿಲ್ಲದ ಕೊರತೆ ಈವರೆಗೆ ನನಗೆ ಕಂಡಿಲ್ಲ. ಕೊನೆಗೆ ಗಾಳಿ ಹೋಗುವ ಕಿಂಡಿಯನ್ನು ಹಳೆಯ ಬ್ರಷ್ಷಿನಿಂದ ಕೆದಕಿದ. ದೇವರಮನೆಯ ಬಾಗಿಲ ಪಕ್ಕದಲ್ಲೇ ನನ್ನ ಮೇಜು. ಅಷ್ಟು ವರ್ಷದ ಊದುಬತ್ತಿಯ ಬೂದಿ, ದೂಳು ಸೇರಿ ಕಂಬಳಿಯಂಥ ಒಂದು ತುಣುಕು ಹೊರಬಂತು. ಅದನ್ನು ಹೊದ್ದುಕೊಂಡೇ ಯಂತ್ರ ಬಿಸಿಯಾಗಿ ಏದುಸಿರು ಬಿಡುತ್ತಿತ್ತಂತೆ. "ತಟ್ಟೆ ತೆಗೆದು, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿಸಿದರೆ ಇನ್ನೂ ಬೇಗ ಏಳುತ್ತದೆ ಮಾವ" ಎಂದ. ಸದ್ಯ ಸಾಕು ಎಂದೆ. ದೇವರನಾಮಗಳು ಅವನ ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಇದ್ದವು. ಅವನಿಗೆ ಎರಡನೆಯ ಒಬ್ಬಟ್ಟು ಬಿತ್ತು, ತುಪ್ಪದ ಸಮೇತ.

ಈಗ ಗುಂಡಿ ಒತ್ತಿದ 2 ನಿಮಿಷ 40 ಸೆಕೆಂಡಿಗೆ ಅದು ಸಿದ್ಧ. ತೊಂದರೆ ಏನೆಂದರೆ, ಅಷ್ಟರಲ್ಲಿ ನನ್ನ ಹಾಲು ಇನ್ನೂ ಉಕ್ಕಿರುವುದಿಲ್ಲ. ಬೇಗ ಮುಗಿಸೋಣವೆಂದು ಉರಿ ದೊಡ್ಡದು ಮಾಡಿ ಎರಡು ಸಲ ಒಲೆಯ ಮೇಲೆಲ್ಲ ಹಾಲು ಚೆಲ್ಲಿಸಿದೆ. ನಾನು ಲೋಟ ಹಿಡಿದು ಬರುವ ಹೊತ್ತಿಗೆ ಅದು ಪಾಸ್‌ವರ್ಡ್ ಕೇಳಿ, ಉತ್ತರ ಸಿಗದೆ, ಪರದೆ ಕಪ್ಪು ಮಾಡಿಕೊಂಡು ಮಲಗಿಬಿಟ್ಟಿರುತ್ತದೆ. ಮೊನ್ನೆ ಹಾಗೆ ಕಪ್ಪು ಪರದೆಯ ಮುಂದೆ ನಿಂತಿದ್ದಾಗ ಹೆಂಡತಿ ತನ್ನ ಲೋಟದಿಂದ ಒಂದು ಗುಟುಕು ಹೀರಿ ಹೇಳಿದಳು:

"ಕೌಂಟರು ತೆರೆದಿತ್ತು. ಗ್ರಾಹಕರು ನಿಧಾನ. ಊಟದ ಮೇಲೆ ಬನ್ನಿ."