ಕೇಳದೆ ಎದ್ದು ಬರುವ ಡಬ್ಬ

ಹೋದ ತಿಂಗಳು ಪಾಂಡವಪುರದ ಹತ್ತಿರ ನಮ್ಮೂರಿಗೆ ಹೋಗಿದ್ದೆ. ಚೀಲ ಕೆಳಗಿಡುವ ಮೊದಲೇ ಅಕ್ಕನ ಮಗ ಲ್ಯಾಪ್‌ಟಾಪ್ ತಂದು ಮುಂದಿಟ್ಟ. ಮಂಡ್ಯದಲ್ಲಿ ಇಂಜಿನಿಯರಿಂಗ್ ಮೊದಲ ವರ್ಷ, ಈಗ ಸಿ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದಾನೆ. "ಮಾವ, ಮೌಸ್ ಇಟ್ರೆ ಸಾಕು ಈ ಡಬ್ಬ ಎದ್ದೆದ್ದು ಬತ್ತದಲ್ಲ, ಇದ್ನ ಓಡ್ಸದು ಯೆಂಗೆ?"

ಅವನು ಹೇಳಿದ್ದು ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್‌ನ ಹೋವರ್ ಬಗ್ಗೆ, ಅಂದರೆ ಕೋಡಿನ ಪದದ ಮೇಲೆ ಮೌಸ್ ಇಟ್ಟರೆ ಎದ್ದು ಬರುವ ಹೆಲ್ಪ್ ಡಬ್ಬದ ಬಗ್ಗೆ. ಯಾವುದೋ ವಿಡಿಯೋ ನೋಡಿ ಎಲ್ಲಾ ಆಫ್ ಮಾಡಿಬಿಡಬೇಕು ಅಂತ ಹೊರಟಿದ್ದ. ನಾನು ಬೇಡ ಅಂದೆ. ಯಾಕಂದ್ರೆ ಮೈಸೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದಾಗ ನಾನೂ ಇದೇ ಕೆಲಸ ಮಾಡಿದ್ದೆ. ಡಬ್ಬ ಹೋಯಿತು, ಕಣ್ಣಿಗೆ ಹಾಯ್ ಅನ್ನಿಸಿತು, ಜೊತೆಗೆ ಹೆಲ್ಪ್ ಓದುವ ಅಭ್ಯಾಸವೂ ಹೋಯಿತು. ಆಮೇಲೆ ಎರಡು ವರ್ಷ ಬರೀ ಅಂದಾಜಿನಲ್ಲೇ ಕೋಡ್ ಬರೆದೆ.

ನನ್ನ ತಕರಾರು ಹೆಲ್ಪ್ ಮೇಲಲ್ಲ, ಅದು ಬರುವ ರೀತಿ ಮೇಲೆ. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತ ತಕ್ಷಣ, ಪಲ್ಯಕ್ಕೆ ಕೈ ಹಾಕುವ ಮೊದಲೇ ಅನ್ನ ಸುರಿದು ಹೋಗುವವರು ಇರುತ್ತಾರಲ್ಲ, ಹಾಗೆ. ಬೇಕಾದಾಗ ಕೂಗಿದರೆ ಅವರು ಎಲ್ಲೂ ಇರುವುದಿಲ್ಲ. ಹೋವರ್ ಕೂಡ ಅಷ್ಟೇ. ಸುಮ್ನೆ ಮೌಸ್ ಸರಿಸಿದರೂ 300 ಮಿಲಿಸೆಕೆಂಡ್‌ಗೆ ಎದ್ದು ನಿಲ್ಲುತ್ತದೆ, ಓದುತ್ತಿದ್ದ ಸಾಲಿನ ಮೇಲಿನ ಸಾಲುಗಳನ್ನು ಮುಚ್ಚುತ್ತದೆ, ಓದೋಣ ಅಂತ ಹೊರಟರೆ ಮೌಸ್ ಸ್ವಲ್ಪ ಜಾರಿದ್ದಕ್ಕೇ ಮಾಯ.

ಹಾಗಾಗಿ ಆಫ್ ಮಾಡಲಿಲ್ಲ. ಸೆಟಿಂಗ್ಸ್‌ನಲ್ಲಿ ಹೋವರ್ ಅಂತ ಹುಡುಕಿ ಡಿಲೇಯನ್ನು 1500ಕ್ಕೆ ಏರಿಸಿದೆ. ಅಲ್ಲೇ ಅಬವ್ ಅಂತ ಒಂದು ಟಿಕ್ ಇದೆ, ಅದನ್ನು ತೆಗೆದರೆ ಡಬ್ಬ ಸಾಲಿನ ಕೆಳಗೆ ಬರುತ್ತದೆ. ಬೇಕೆಂದಾಗ ಕಂಟ್ರೋಲ್ ಒತ್ತಿ ಹಿಡಿದು ಕೆ, ಆಮೇಲೆ ಐ ಒತ್ತಿದರೆ ಕಾಯದೆ ಬರುತ್ತದೆ. ಇಷ್ಟೇ. ಎರಡು ನಿಮಿಷದ ಕೆಲಸ.

ಆದರೆ ಡಬ್ಬದೊಳಗೆ ಏನಿರುತ್ತದೆ ಅನ್ನುವುದು ಬೇರೆಯೇ ಕತೆ. ಅವನ ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಲಿನಕ್ಸ್ ಇದೆ. ಸ್ಕ್ರೀನಿಗೆ ಅಕ್ಷರ ಬರೆಯುವ ಸಿ ಫಂಕ್ಷನ್ ಪ್ರಿಂಟ್‌ಎಫ್ ಮೇಲೆ ಮೌಸ್ ಇಟ್ಟರೆ ಬಂದಿದ್ದು, ಆ ಫಂಕ್ಷನ್ ಘೋಷಿಸಿರುವ ಹೆಡರ್ ಫೈಲಿನೊಳಗಿನ ಕಾಮೆಂಟ್. ಇದು ಕ್ಯಾನ್ಸಲೇಶನ್ ಪಾಯಿಂಟ್ ಆಗಬಹುದು, ಅದಕ್ಕೇ ಥ್ರೋ ಅಂತ ಗುರುತು ಹಾಕಿಲ್ಲ ಅಂತೆ! ಆ ಲೈಬ್ರರಿ ಬರೆದವರು ತಮ್ಮತಮ್ಮಲ್ಲೇ ಬರೆದುಕೊಂಡ ಟಿಪ್ಪಣಿ ಅದು. ಮೊದಲ ವರ್ಷದ ಹುಡುಗ ಅದನ್ನು ಓದಿ ಏನು ಮಾಡಬೇಕು? ಅವನಿಗೆ ಬೇಕಿದ್ದದ್ದು ಒಂದೇ, ಪ್ರಿಂಟ್‌ಎಫ್ ವಾಪಸ್ ಕೊಡುವ ಸಂಖ್ಯೆ ಯಾವುದು ಅಂತ. ಪ್ರಿಂಟ್‌ಎಫ್ ಒಳಗೆ ಇನ್ನೊಂದು ಪ್ರಿಂಟ್‌ಎಫ್ ಇಟ್ಟು ಔಟ್‌ಪುಟ್ ಏನು ಅಂತ ಕೇಳುತ್ತಾರಲ್ಲ, ಆ ಪ್ರಶ್ನೆ. ಡಬ್ಬ ಇಂಟ್ (ಪೂರ್ಣಾಂಕ) ಅನ್ನುತ್ತದೆ, ಯಾವ ಇಂಟ್ ಅಂತ ಹೇಳುವುದಿಲ್ಲ.

ಆ ಉತ್ತರ ಇರುವುದು ಮ್ಯಾನ್ ಪೇಜಿನಲ್ಲಿ, ಅಂದರೆ ಟರ್ಮಿನಲ್‌ನಲ್ಲಿ ಮ್ಯಾನ್ ಅಂತ ಟೈಪ್ ಮಾಡಿದರೆ ತೆರೆಯುವ ಕೈಪಿಡಿ ಪುಟದಲ್ಲಿ. ಕೆಳಗಿನ ಟರ್ಮಿನಲ್ ಪ್ಯಾನೆಲ್ ಅನ್ನು ಬಲಕ್ಕೆ ಸರಿಸಿ, ಕೋಡ್ ಎಡಕ್ಕೆ ಹೆಲ್ಪ್ ಬಲಕ್ಕೆ ಇರುವಂತೆ ಮಾಡಿದೆ. ಬರೀ ಮ್ಯಾನ್ ಪ್ರಿಂಟ್‌ಎಫ್ ಅಂದರೆ ಅದೇ ಹೆಸರಿನ ಟರ್ಮಿನಲ್ (ಶೆಲ್) ಕಮಾಂಡಿನ ಪುಟ ಬರುತ್ತದೆ, ನಡುವೆ 3 ಹಾಕಬೇಕು. ಕಮಾಂಡ್‌ಗಳು 1, ಸಿಸ್ಟಮ್ ಕಾಲ್‌ಗಳು 2, ಫಂಕ್ಷನ್‌ಗಳು 3 ಅನ್ನುವ ಈ ಲೆಕ್ಕ 1971ರ ಮೊದಲ ಯುನಿಕ್ಸ್ ಕೈಪಿಡಿಯಿಂದ ಬಂದದ್ದು. (ಪುಟ ಸಿಗದಿದ್ದರೆ ಮ್ಯಾನ್‌ಪೇಜಸ್-ಡೆವ್ ಪ್ಯಾಕೇಜ್ ಹಾಕಿಕೊಳ್ಳಿ.) ನಾನು ವಿಮ್ ಅನ್ನುವ ಎಡಿಟರ್ ಬಳಸುವವನು, ಅಲ್ಲಿ ಪದದ ಮೇಲೆ ನಿಂತು 3 ಒತ್ತಿ ದೊಡ್ಡ ಕೆ ಒತ್ತಿದರೆ ಸಾಕು. ಮೊದಲು ಅದು ಇಡೀ ಸ್ಕ್ರೀನ್ ನುಂಗುತ್ತಿತ್ತು. ಕೀವರ್ಡ್‌ಪಿಆರ್‌ಜಿ ಅನ್ನುವ ಸೆಟಿಂಗನ್ನು ವಿಮ್‌ನ ಸ್ವಂತ ಮ್ಯಾನ್ ಕಮಾಂಡಿಗೆ ತಿರುಗಿಸಿದ ಮೇಲೆ ಪುಟ ವಿಮ್ ಒಳಗೇ ಇನ್ನೊಂದು ಕಿಟಕಿಯಲ್ಲಿ ತೆರೆದುಕೊಂಡು ನಾನು ಮುಚ್ಚುವವರೆಗೂ ಅಲ್ಲೇ ಇರುತ್ತದೆ.

ಎಐ ಕೇಳಿದರೆ ಮುಗೀತಲ್ಲ ಅನ್ನಬಹುದು. ನಾನೂ ಕೇಳುತ್ತೇನೆ. ಆದರೆ ನಮ್ಮೂರಲ್ಲಿ ನೆಟ್ ಸಿಗಬೇಕೆಂದರೆ ತಾರಸಿ ಹತ್ತಬೇಕು. ಮ್ಯಾನ್ ಪೇಜಿಗೆ ಆ ಕಷ್ಟ ಇಲ್ಲ, ಲ್ಯಾಪ್‌ಟಾಪ್ ಒಳಗೇ ಇದೆ.

ಹುಡುಗ ಓದಿದ್ದು ಕನ್ನಡ ಮೀಡಿಯಂ. ಅಷ್ಟುದ್ದ ಇಂಗ್ಲಿಷ್ ಪುಟ ನೋಡಿ ಮುಖ ಸಣ್ಣ ಮಾಡಿಕೊಂಡ. ಪೂರ್ತಿ ಓದಬೇಡ ಮಾರಾಯ, ಸ್ಲ್ಯಾಶ್ ಒತ್ತಿ ರಿಟರ್ನ್ ವ್ಯಾಲ್ಯೂ ಅಂತ ದೊಡ್ಡಕ್ಷರದಲ್ಲಿ ಹುಡುಕು, ಅಲ್ಲಿರುವ ಒಂದೇ ಸಾಲು ಸಾಕು ಅಂದೆ. ಪ್ರಿಂಟ್ ಆದ ಅಕ್ಷರಗಳ ಸಂಖ್ಯೆ ಅಂತ ಇತ್ತು. ಇಂಗ್ಲಿಷಿನಲ್ಲಿ ಮಂಡ್ಯ ಅಂತ ಹಾಕಿ ನೋಡಿದ, 6 ಬಂತು, ಸರಿ. ನಾನು ಸುಮ್ನೆ ಇರಲಾರದೆ ಕನ್ನಡದಲ್ಲಿ ಹಾಕು ನೋಡೋಣ ಅಂದೆ. 15 ಬಂತು! ಅವನಿಗೆ ತಲೆ ಕೆಟ್ಟಿತು. ಅಸಲಿಗೆ ಪ್ರಿಂಟ್‌ಎಫ್ ಎಣಿಸುವುದು ಬೈಟ್‌ಗಳನ್ನು, ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ಮ, ಸೊನ್ನೆ, ಡ, ಒತ್ತು ತರುವ ಹಲಂತ ಚಿಹ್ನೆ, ಯ, ಒಟ್ಟು 5. ಅಂದರೆ ಆ ಸಾಲು ಕೂಡ ಪೂರ್ತಿ ಸರಿ ಇರಲಿಲ್ಲ. ಆದರೆ ತಪ್ಪು ಹಿಡಿಯುವುದಕ್ಕಾದರೂ ಸಾಲು ಕಣ್ಣಮುಂದೆ ನಿಲ್ಲಬೇಕಲ್ವಾ? ಪಾಂಡವಪುರಕ್ಕೆ ಎಷ್ಟು ಅಂತ ತಾನೇ ಬೆರಳು ಮಡಚಿ 24 ಅಂದ, ಆಮೇಲೆ ರನ್ ಮಾಡಿದ.

ಮೊನ್ನೆ ಫೋನ್ ಮಾಡಿದ್ದ. "ಮಾವ, 1500 ಜಾಸ್ತಿ ಆಯ್ತು, 800ಕ್ಕೆ ಇಳಿಸ್ಕೊಂಡಿವ್ನಿ" ಅಂದ. ಇಳಿಸಿಕೊಳ್ಳಲಿ ಬಿಡಿ, ಓಡಿಸುವುದು ಹೇಗೆ ಅಂತ ಕೇಳಲಿಲ್ಲವಲ್ಲ.