ಬೆಲೆ ಕಟ್ಟಿದವರು ಯಾರು, ಬೈಸಿಕೊಂಡವನು ಯಾರು?

ನಿನ್ನೆ, 2025ರ ಅಕ್ಟೋಬರ್ 19ರ ರಾತ್ರಿ, ಲಿವರ್‌ಪೂಲ್ ಫುಟ್‌ಬಾಲ್ ತಂಡದ ತವರು ಮೈದಾನ ಆನ್‌ಫೀಲ್ಡ್‌ನಲ್ಲಿ, 84ನೇ ನಿಮಿಷದಲ್ಲಿ, ಬ್ರೂನೊ ಫರ್ನಾಂಡಿಸ್ ಎತ್ತಿ ಕಳಿಸಿದ ಚೆಂಡಿಗೆ ದೂರದ ಕಂಬದ ಬಳಿ ನಮ್ಮ ಮ್ಯಾಂಚೆಸ್ಟರ್ ಯುನೈಟೆಡ್‌ನ ಡಿಫೆಂಡರ್ (ಗೋಲು ತಡೆಯುವ ಸಾಲಿನ ಆಟಗಾರ) ಹ್ಯಾರಿ ಮಗ್ವಾಯರ್ ತಲೆ ಕೊಟ್ಟ. ನೀರು ತುಂಬುವ ಹಬ್ಬ ಮುಗಿಸಿ, ಬೆಳಗಿನ ಎಣ್ಣೆಸ್ನಾನಕ್ಕೆಂದು ಬೇಗ ಮಲಗಿದ್ದ ಮನೆಯವರೆಲ್ಲ ನನ್ನ ಕೂಗಿಗೆ ಎದ್ದು ಬಂದರು. ಲಿವರ್‌ಪೂಲ್ 1, ಮ್ಯಾಂಚೆಸ್ಟರ್ ಯುನೈಟೆಡ್ 2. ಆ ಮೈದಾನದಲ್ಲಿ ನಾವು ಗೆದ್ದದ್ದು 2016ರ ಜನವರಿಯ ನಂತರ ಇದೇ ಮೊದಲು. ಅಂದು ಗೋಲು ಹೊಡೆದವನು ವೇಯ್ನ್ ರೂನಿ.

ಸಂತೋಷವನ್ನು ಹಂಚಿಕೊಳ್ಳಬೇಕೆಂದೇ ಬರೆಯಲು ಕುಳಿತೆ. ಆದರೆ ಬೆಳಗ್ಗೆ ಮೊಬೈಲ್ ತೆರೆದು ನೋಡಿದ ಮೇಲೆ ಸಿಟ್ಟೇ ಮೊದಲು ಬರುತ್ತಿದೆ. "ನಮ್ಮ ಹ್ಯಾರಿ" ಎಂದು ಚಿತ್ರ ಹಾಕಿ ಕುಣಿಯುತ್ತಿರುವವರಲ್ಲಿ ಬಹಳಷ್ಟು ಮಂದಿ ಇಷ್ಟು ವರ್ಷ ಇದೇ ಮನುಷ್ಯನನ್ನು ಬಾಯಿಗೆ ಬಂದಂತೆ ಬೈದವರು. ಬೈಯಲು ಅವರಿಗಿದ್ದ ಆಧಾರ ಒಂದೇ ಒಂದು ಪ್ರಶ್ನೆ: "ಎಂಟು ಕೋಟಿ ಪೌಂಡಿಗೆ ಇವನೇ?"

ಆ ಪ್ರಶ್ನೆಯೇ ತಪ್ಪು ಎಂದು ನಾನು ಮೊದಲಿನಿಂದಲೂ ಹೇಳುತ್ತಿದ್ದೇನೆ. ನನ್ನ ಗೋಡೆಯನ್ನು ಹಿಂಬಾಲಿಸುವವರಿಗೆ ಇದು ಹೊಸದಲ್ಲ, ಕೇಳಿ ಕೇಳಿ ಬೇಸರವೂ ಆಗಿರಬಹುದು. ಆದರೂ ಇವತ್ತು ಮತ್ತೊಮ್ಮೆ ಹೇಳುತ್ತೇನೆ, ಏಕೆಂದರೆ ಇವತ್ತಾದರೂ ಕೇಳಿಸಿಕೊಳ್ಳುವ ಕಿವಿಗಳಿವೆ.

2019ರ ಆಗಸ್ಟ್‌ನಲ್ಲಿ ಲೆಸ್ಟರ್ ಸಿಟಿಯಿಂದ ಮಗ್ವಾಯರ್‌ನನ್ನು ಯುನೈಟೆಡ್ ಕೊಂಡದ್ದು 80 ದಶಲಕ್ಷ ಪೌಂಡ್‌ಗೆ. ಆಗಿನ ಲೆಕ್ಕದಲ್ಲಿ ಸುಮಾರು 700 ಕೋಟಿ ರೂಪಾಯಿ. ಒಬ್ಬ ಡಿಫೆಂಡರ್‌ಗೆ ಜಗತ್ತಿನಲ್ಲೇ ಅತಿ ದೊಡ್ಡ ಮೊತ್ತ. ಅದಕ್ಕೂ ಮುಂಚೆ ಲಿವರ್‌ಪೂಲ್ ವರ್ಜಿಲ್ ವಾನ್ ಡೈಕ್‌ಗೆ ಕೊಟ್ಟಿದ್ದು 75. ಇದೇ ಮಗ್ವಾಯರ್‌ನನ್ನು 2017ರಲ್ಲಿ ಹಲ್ ಸಿಟಿಯಿಂದ ಕೊಂಡಾಗ ಲೆಸ್ಟರ್ ಮೊದಲು ಕೊಟ್ಟದ್ದು ಬರೀ 12 ದಶಲಕ್ಷ. ಎರಡು ವರ್ಷದಲ್ಲಿ ಹನ್ನೆರಡು ಎಂಬತ್ತಾಯಿತು. ಹೇಗಾಯಿತು ಎಂದು ಯಾರಾದರೂ ಕೇಳಿದರೇ?

2018ರ ವಿಶ್ವಕಪ್‌ನಲ್ಲಿ ಅವನು ಇಂಗ್ಲೆಂಡ್ ಪರ ಮಿಂಚಿದ. ಕ್ವಾರ್ಟರ್ ಫೈನಲ್‌ನಲ್ಲಿ ಸ್ವೀಡನ್ ವಿರುದ್ಧದ ಆ ಹೆಡರ್ ಯಾರಿಗೆ ನೆನಪಿಲ್ಲ? ಆ ಬೇಸಿಗೆಯಲ್ಲೇ ಯುನೈಟೆಡ್‌ನ ಆಗಿನ ಮ್ಯಾನೇಜರ್ ಜೋಸೆ ಮೌರಿನ್ಯೊ ರಕ್ಷಣಾ ಸಾಲಿನ ನಡುವೆ ಆಡುವ ಒಬ್ಬ ಸೆಂಟರ್ ಬ್ಯಾಕ್ ಬೇಕೇ ಬೇಕು ಎಂದು ಕೇಳಿದ್ದರು. ಕ್ಲಬ್ ಕೊಡಿಸಲಿಲ್ಲ. ಸೆಪ್ಟೆಂಬರ್‌ನಲ್ಲಿ ಲೆಸ್ಟರ್ ಅವನ ಜೊತೆ ಐದು ವರ್ಷದ ಹೊಸ ಒಪ್ಪಂದ ಮಾಡಿಕೊಂಡಿತು. ಅಲ್ಲಿಗೆ ಬೀಗದ ಕೈ ಅವರ ಜೇಬಿಗೆ ಬಿತ್ತು. ಒಪ್ಪಂದ ಮುಗಿಯುವುದಕ್ಕೆ ವರ್ಷಗಳು ಬಾಕಿ ಇರುವ ಆಟಗಾರನನ್ನು ಮಾರಲು ಯಾವ ಕ್ಲಬ್‌ಗೂ ಅವಸರವಿರುವುದಿಲ್ಲ. ಮೇಲಾಗಿ ಅವನು ಇಂಗ್ಲಿಷ್ ಆಟಗಾರ. ಇಂಗ್ಲೆಂಡಿನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗ್‌ನಲ್ಲಿ ಪ್ರತಿ ಕ್ಲಬ್‌ನ 25 ಜನರ ಪಟ್ಟಿಯಲ್ಲಿ, ಅಲ್ಲಿನ ಕ್ಲಬ್‌ಗಳಲ್ಲಿ ಪಳಗದವರು 17ಕ್ಕಿಂತ ಹೆಚ್ಚು ಇರುವಂತಿಲ್ಲ. ಹೀಗಾಗಿ ಅಲ್ಲೇ ಬೆಳೆದ ಒಳ್ಳೆಯ ಆಟಗಾರನ ಬೆಲೆ ತಾನಾಗಿಯೇ ಏರುತ್ತದೆ. ಯುನೈಟೆಡ್‌ಗೆ ತುರ್ತು ಇದೆ, ಕೈಯಲ್ಲಿ ಹಣವೂ ಇದೆ ಎಂಬುದು ಲೆಸ್ಟರ್‌ಗೆ ಗೊತ್ತಿತ್ತು. ಕೇಳಿದಷ್ಟು ಸಿಕ್ಕಿತು.

ಇದರಲ್ಲಿ ಮಗ್ವಾಯರ್ ಮಾಡಿದ್ದೇನು? ಜಾತ್ರೆಯಲ್ಲಿ ದಲ್ಲಾಳಿಗಳು ಟವಲಿನ ಕೆಳಗೆ ಬೆರಳು ಹಿಡಿದು ಕುದುರಿಸಿದ ಬೆಲೆಗೆ ಎತ್ತನ್ನು ಹೊಡೆಯುತ್ತಾರೆಯೇ? ಆ 80 ದಶಲಕ್ಷ ಹೋದದ್ದು ಒಂದು ಕ್ಲಬ್‌ನಿಂದ ಇನ್ನೊಂದು ಕ್ಲಬ್‌ಗೆ. ಒಂದು ವರ್ಷ ಮೊದಲೇ ಬುದ್ಧಿ ಬಂದಿದ್ದರೆ ಉಳಿಯುತ್ತಿದ್ದ ಹಣ ಅದು. ಪ್ರಶ್ನೆ ಕೇಳಬೇಕಾದದ್ದು 2005ರಲ್ಲಿ ಸಾಲ ಮಾಡಿ ಕ್ಲಬ್ ಕೊಂಡು, ಆ ಸಾಲವನ್ನು ಕ್ಲಬ್‌ನ ತಲೆಗೇ ಕಟ್ಟಿದ ಗ್ಲೇಜರ್ ಕುಟುಂಬವನ್ನು. ಅವರು ಕೈಗೆ ಸಿಗುವುದಿಲ್ಲ. ಐದನೇ ನಂಬರಿನ ಅಂಗಿ ತೊಟ್ಟು ವಾರವಾರ ಮೈದಾನಕ್ಕೆ ಇಳಿಯುವವನು ಸಿಗುತ್ತಾನೆ.

ಅವನು ಬಂದ ಮೊದಲ ಎರಡು ವರ್ಷಗಳನ್ನು ಜನ ಮರೆತೇಬಿಟ್ಟಿದ್ದಾರೆ. 2019-20ರ ಲೀಗ್‌ನ 38 ಪಂದ್ಯಗಳಲ್ಲಿ ಒಂದು ನಿಮಿಷವನ್ನೂ ಬಿಡದೆ ಆಡಿದ. ಬಂದ ಆರು ತಿಂಗಳಲ್ಲಿ ನಾಯಕನಾದ. 2020-21ರಲ್ಲಿ ತಂಡ ಲೀಗ್‌ನಲ್ಲಿ ಎರಡನೇ ಸ್ಥಾನ ಪಡೆಯಿತು. ಆ ಮೇ ತಿಂಗಳಲ್ಲಿ ಆಸ್ಟನ್ ವಿಲ್ಲಾ ವಿರುದ್ಧ ಅವನ ಕಣಕಾಲಿಗೆ ಪೆಟ್ಟಾಯಿತು. ಅವನಿಲ್ಲದೆ ಆಡಿದ ಯುರೋಪಾ ಲೀಗ್ ಫೈನಲ್‌ನಲ್ಲಿ ವಿಯ್ಯಾರಿಯಲ್ ವಿರುದ್ಧ ಪೆನಾಲ್ಟಿ ಶೂಟೌಟ್‌ನಲ್ಲಿ 11-10ರಿಂದ ಸೋತೆವು. ಅವನಿದ್ದಿದ್ದರೆ ಗೆಲ್ಲುತ್ತಿದ್ದೆವೇ ಎಂಬುದನ್ನು ಬಿಡಿ, ಆ ರಾತ್ರಿ ಅವನನ್ನು ನೆನೆಯದ ಯುನೈಟೆಡ್ ಅಭಿಮಾನಿ ನನಗೆ ಸಿಕ್ಕಿರಲಿಲ್ಲ. ಅದೇ ಬೇಸಿಗೆಯಲ್ಲಿ ಯುರೋಪಿನ ದೇಶಗಳ ಟೂರ್ನಿಯಾದ ಯುರೋ ಫೈನಲ್‌ನಲ್ಲಿ, ಇಂಗ್ಲೆಂಡ್ ಪರ, ಇಟಲಿ ವಿರುದ್ಧ ಅವನು ಹೊಡೆದ ಪೆನಾಲ್ಟಿ ಗೋಲಿನ ಮೂಲೆಯಲ್ಲಿದ್ದ ಕ್ಯಾಮೆರಾವನ್ನೇ ಒಡೆಯಿತು. ಟೂರ್ನಿಯ ಶ್ರೇಷ್ಠ ತಂಡದಲ್ಲಿ ಅವನ ಹೆಸರಿತ್ತು.

ಆಮೇಲೆ ಬಂದದ್ದು 2021-22. ಇಲ್ಲಿಗೆ ಬಂದಾಗ ವಾದಿಸುವವರ ದನಿ ಏರುತ್ತದೆ, ಗೊತ್ತು. "ಅವನು ನಿಧಾನ, ತಿರುಗಲು ಒಂದು ಯುಗ ಬೇಕು, ಆ ವರ್ಷ ಎಷ್ಟು ಗೋಲು ಬಿಟ್ಟುಕೊಟ್ಟ ನೋಡಿ." ಸರಿ, ಅವನು ನಿಧಾನಿ. ಅವನ ಹಿಂದೆ ಮೂವತ್ತು ಗಜ ಜಾಗ ಖಾಲಿ ಬಿಟ್ಟು ಆಡಿಸಿದರೆ ತೊಂದರೆಯಾಗುತ್ತದೆ. ಆ ವರ್ಷ ಅವನು ಕೆಟ್ಟದಾಗಿಯೂ ಆಡಿದ. ಆದರೆ ನಮ್ಮ ತವರು ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ ಲಿವರ್‌ಪೂಲ್ ಐದು ಗೋಲು ಹೊಡೆದ ದಿನ ನಮ್ಮ ಮಧ್ಯಮೈದಾನ ಎಲ್ಲಿತ್ತು? ಮುಂದೆ ಇದ್ದವರಲ್ಲಿ ಎಷ್ಟು ಜನ ಹಿಂದಕ್ಕೆ ಓಡಿ ಬಂದರು? ಇಡೀ ತಂಡ ಕುಸಿದಾಗ ಕೊನೆಯ ಸಾಲಿನಲ್ಲಿ ನಿಂತವನ ಮುಖವೇ ಟಿವಿಯಲ್ಲಿ ಕಾಣುವುದು. ಅದರ ಮೇಲೆ ಎಂಟು ಕೋಟಿಯ ಚೀಟಿ ಅಂಟಿಸಿದರೆ ಮುಗಿಯಿತು. ಒಬ್ಬ ಆಟಗಾರ ಒಂದು ಋತು ಕೆಟ್ಟದಾಗಿ ಆಡಿದರೆ ತಂಡದಿಂದ ಕೈಬಿಡಿ, ಅದು ಆಟದ ನ್ಯಾಯ. ಮುಂದೆ ಮ್ಯಾನೇಜರ್ ಆಗಿ ಬಂದ ಎರಿಕ್ ಟೆನ್ ಹಾಗ್ ಮಾಡಿದ್ದು ಅದನ್ನೇ. 2022ರ ಆಗಸ್ಟ್‌ನಲ್ಲಿ ಬ್ರೆಂಟ್‌ಫರ್ಡ್ ವಿರುದ್ಧ 4-0 ಸೋಲಿನ ನಂತರ ಅವನನ್ನು ಬೆಂಚಿಗೆ ಕಳಿಸಿದರು, ವರಾನ್ ಮತ್ತು ಲಿಸಾಂಡ್ರೊ ಮಾರ್ಟಿನೆಜ್ ಜೋಡಿ ಚೆನ್ನಾಗಿ ಆಡಿತು. ಅದಕ್ಕೆ ನನ್ನ ತಕರಾರಿಲ್ಲ.

ನನ್ನ ತಕರಾರು ಉಳಿದದ್ದಕ್ಕೆ. 2022ರ ಮಾರ್ಚ್‌ನಲ್ಲಿ ವೆಂಬ್ಲಿಯಲ್ಲಿ ಸ್ವಂತ ದೇಶದ ಪ್ರೇಕ್ಷಕರೇ, ಐವರಿ ಕೋಸ್ಟ್ ವಿರುದ್ಧದ ಸ್ನೇಹಪಂದ್ಯದಲ್ಲಿ, ಅವನ ಹೆಸರು ಹೇಳಿದ ಕೂಡಲೇ ಗೇಲಿ ಕೂಗಿದರು. ಮುಂದಿನ ತಿಂಗಳು ಅವನ ಮನೆಗೆ ಬಾಂಬ್ ಬೆದರಿಕೆ ಬಂತು. ಚಿಕ್ಕ ಮಕ್ಕಳಿದ್ದ ಮನೆ ಅದು. ಅದೇ ವರ್ಷದ ಕೊನೆಗೆ ಘಾನಾದ ಸಂಸತ್ತಿನಲ್ಲಿ ಐಸಾಕ್ ಅಡಾಂಗೊ ಎಂಬ ಸದಸ್ಯರು ತಮ್ಮ ಉಪಾಧ್ಯಕ್ಷರ ಆರ್ಥಿಕ ನಿರ್ವಹಣೆಯನ್ನು ಮಗ್ವಾಯರ್ ಆಟಕ್ಕೆ ಹೋಲಿಸಿ ಸಭೆಯನ್ನು ನಗಿಸಿದರು. 2023ರ ಸೆಪ್ಟೆಂಬರ್‌ನಲ್ಲಿ ಗ್ಲಾಸ್ಗೋದಲ್ಲಿ ಅವನು ಚೆಂಡು ಮುಟ್ಟಿದಾಗಲೆಲ್ಲ ಸ್ಕಾಟ್ಲೆಂಡ್ ಪ್ರೇಕ್ಷಕರು ಅಣಕದ ಚಪ್ಪಾಳೆ ತಟ್ಟಿದರು, ಅವನು ಸ್ವಂತ ಗೋಲಿಗೇ ಚೆಂಡು ತಟ್ಟಿದ. ಕೊನೆಗೆ ಅವನ ತಾಯಿ ಹೇಳಿಕೆ ಕೊಟ್ಟು, ನನ್ನ ಮಗನನ್ನು ಹೀಗೆ ಹಿಂಸಿಸಬೇಡಿ ಎಂದು ಕೇಳಿಕೊಳ್ಳುವಂತಾಯಿತು. ನಾನೂ ಒಬ್ಬ ತಂದೆ. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಇದೆಲ್ಲ ಏಳು ಸಮುದ್ರದಾಚೆಯ ಕಥೆ ಎಂದುಕೊಳ್ಳಬೇಡಿ. ನಮ್ಮ ಬಡಾವಣೆಯ ಟರ್ಫ್ ಮೈದಾನದಲ್ಲಿ ಮಕ್ಕಳು ಆಡುವಾಗ ಯಾರಾದರೂ ಚೆಂಡು ತಪ್ಪಿಸಿಕೊಂಡರೆ ಸಾಕು, "ಏ ಮಗ್ವಾಯರ್!" ಎಂಬ ಕೂಗು ಏಳುತ್ತಿತ್ತು. ನನ್ನ ಅಣ್ಣನ ಮಗ ಎತ್ತರದ ಹುಡುಗ, ಹಿಂದೆ ನಿಂತು ಆಡುತ್ತಿದ್ದ, ತಲೆಯಲ್ಲಿ ಚೆನ್ನಾಗಿ ಹೊಡೆಯುತ್ತಿದ್ದ. ಈ ಹೆಸರು ಅವನಿಗೆ ಅಂಟಿಕೊಂಡ ಮೇಲೆ, "ಚಿಕ್ಕಪ್ಪ, ನಾನು ಇನ್ನು ಮುಂದೆ ಫಾರ್ವರ್ಡ್ ಆಡುತ್ತೇನೆ" ಎಂದ. ಡಿಫೆಂಡರ್ ಆಗುವುದೇ ಅವಮಾನ ಎಂದು ಹತ್ತು ವರ್ಷದ ಮಗುವಿಗೆ ಕಲಿಸಿದವರು ನಾವೇ, ದೊಡ್ಡವರು, ಮೊಬೈಲ್‌ನಲ್ಲಿ ತಮಾಷೆಯ ಚಿತ್ರ ಹಂಚಿಕೊಂಡು ನಕ್ಕವರು.

ಈಗ ಅವನು ಮಾಡಿದ್ದನ್ನು ನೋಡಿ. 2023ರ ಜುಲೈನಲ್ಲಿ ನಾಯಕತ್ವ ಕಿತ್ತುಕೊಂಡು ಬ್ರೂನೊಗೆ ಕೊಟ್ಟರು. ವೆಸ್ಟ್ ಹ್ಯಾಮ್ 30 ದಶಲಕ್ಷಕ್ಕೆ ಕೊಳ್ಳಲು ಮುಂದೆ ಬಂತು, ಯುನೈಟೆಡ್ ಒಪ್ಪಿತು, ಆದರೆ ಆ ವ್ಯವಹಾರ ಮುರಿದುಬಿತ್ತು. ಅವನು ಉಳಿದ. ಗೊಣಗಲಿಲ್ಲ, ಪತ್ರಿಕೆಗಳಿಗೆ ಸುದ್ದಿ ಸೋರಿಸಲಿಲ್ಲ. ಗಾಯಗೊಂಡವರ ಜಾಗಕ್ಕೆ ಬಂದು ನಿಂತ. ಆ ನವೆಂಬರ್‌ನಲ್ಲಿ ಪ್ರೀಮಿಯರ್ ಲೀಗ್‌ನ ತಿಂಗಳ ಆಟಗಾರ ಪ್ರಶಸ್ತಿ ಅವನಿಗೇ ಬಂತು. ಘಾನಾದ ಆ ಸಂಸದರು ಅದೇ ಸಂಸತ್ತಿನಲ್ಲಿ ನಿಂತು ಕ್ಷಮೆ ಕೇಳಿದರು, ಅವನು ಅವರನ್ನು ಓಲ್ಡ್ ಟ್ರಾಫರ್ಡ್‌ಗೆ ಬನ್ನಿ ಎಂದು ಕರೆದ. ನಮ್ಮ ನಡುವಿನ ಒಬ್ಬರಾದರೂ ಅಷ್ಟು ಮಾಡಿದ್ದಾರೆಯೇ?

2025ರ ಏಪ್ರಿಲ್‌ನಲ್ಲಿ, ಯುರೋಪಾ ಲೀಗ್‌ನ ಲಿಯೋನ್ ವಿರುದ್ಧದ ರಾತ್ರಿಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಹೆಚ್ಚುವರಿ ಸಮಯದಲ್ಲಿ 4-2ರಿಂದ ಹಿಂದಿದ್ದೆವು. ಬೇರೆ ದಾರಿ ಕಾಣದೆ ಮ್ಯಾನೇಜರ್ ಆಗಿದ್ದ ರೂಬೆನ್ ಅಮೊರಿಮ್ ಮಗ್ವಾಯರ್‌ನನ್ನು ಮುಂದಕ್ಕೆ, ಸ್ಟ್ರೈಕರ್ ಜಾಗಕ್ಕೆ ಕಳಿಸಿದರು. ಬ್ರೂನೊ ಪೆನಾಲ್ಟಿ, ಕೋಬಿ ಮೈನೂ ಗೋಲು, ಆಮೇಲೆ 121ನೇ ನಿಮಿಷದಲ್ಲಿ ಮಗ್ವಾಯರ್ ತಲೆ. 5-4. ಮುಂದಿನ ಸುತ್ತಿನಲ್ಲಿ ಬಿಲ್ಬಾವೊದ ಮೈದಾನದಲ್ಲಿ ಅವನು ಬಲ ಅಂಚಿನಲ್ಲಿ ಎದುರಾಳಿಯನ್ನು ಕಾಲಿನ ಚಳಕದಿಂದ ದಾಟಿ ಕ್ರಾಸ್ ಕೊಟ್ಟ, ಅದರಿಂದಲೇ ಕ್ಯಾಸೆಮಿರೊ ಗೋಲು ಬಂತು. ಫೈನಲ್ ಸೋತೆವು, ಲೀಗ್‌ನಲ್ಲಿ 15ನೇ ಸ್ಥಾನಕ್ಕೆ ಇಳಿದೆವು. ಆ ದರಿದ್ರ ವರ್ಷದಲ್ಲಿ ನನಗೆ ಹೆಮ್ಮೆ ತಂದ ಕೆಲವೇ ಗಳಿಗೆಗಳಲ್ಲಿ ಎರಡು ಅವನದೇ.

"ಡಿಫೆಂಡರ್ ಗೋಲು ಹೊಡೆದರೆ ಏನು, ಅವನ ಕೆಲಸ ತಡೆಯುವುದು" ಎಂದು ನಿನ್ನೆ ರಾತ್ರಿಯೇ ಒಬ್ಬ ಗೆಳೆಯರು ಬರೆದರು. ತಡೆದದ್ದನ್ನೂ ನೋಡಿ ಸ್ವಾಮಿ. ನಮ್ಮ ಬ್ರಯಾನ್ ಎಂಬ್ಯುಮೊ ಎರಡನೇ ನಿಮಿಷದಲ್ಲೇ ಗೋಲು ಹೊಡೆದ ಮೇಲೆ ಲಿವರ್‌ಪೂಲ್ ಮುಗಿಬಿದ್ದಿತು. ಅವರ ಕೋಡಿ ಗಾಕ್ಪೊ ಮೂರು ಸಲ ಚೆಂಡನ್ನು ಗೋಲಿನ ಕಂಬಕ್ಕೆ ಬಡಿದ, 78ನೇ ನಿಮಿಷದಲ್ಲಿ ಸಮ ಮಾಡಿದ. ಅದೃಷ್ಟವೂ ನಮ್ಮ ಕಡೆಗಿತ್ತು, ಒಪ್ಪುತ್ತೇನೆ. ಆದರೆ ಡಿ ಲಿಖ್ಟ್ ಮತ್ತು ಲ್ಯೂಕ್ ಶಾ ನಡುವೆ ನಿಂತು ಅಕ್ಕಪಕ್ಕದವರನ್ನು ಸಾಲಿನಲ್ಲಿ ಹಿಡಿದಿಟ್ಟವನು, ಮೇಲಿಂದ ಬಿದ್ದ ಚೆಂಡುಗಳನ್ನು ತಲೆಯಿಂದ ಹೊರಗಟ್ಟಿದವನು ಯಾರು? ಮೂವರ ಸಾಲಿನಲ್ಲಿ ನಡುವಿನವನಿಗೆ ಓಟಕ್ಕಿಂತ ಜಾಗದ ಅಂದಾಜು ಮುಖ್ಯ. ಅದು ಅವನಲ್ಲಿ ಮೊದಲಿನಿಂದಲೂ ಇದೆ. 2025ರ ಜನವರಿಯಲ್ಲಿ ಇದೇ ಆನ್‌ಫೀಲ್ಡ್‌ನಲ್ಲಿ, 2-2 ಇದ್ದಾಗ, ಕೊನೆಯ ಗಳಿಗೆಯಲ್ಲಿ ಸಿಕ್ಕ ಅವಕಾಶವನ್ನು ಅವನು ಕಂಬದ ಮೇಲಿಂದ ಒದ್ದಿದ್ದ. ಆಗಲೂ "ಎಂಟು ಕೋಟಿ" ಎಂದೇ ಬೈದರು. ಅವನು ಮತ್ತೆ ಅದೇ ಗೋಲಿನ ಬಾಯಿಗೆ ಹೋಗಿ ನಿಂತ.

ಇಷ್ಟರಲ್ಲೇ ಜನ ಹೊಸ ಬಲಿಯನ್ನು ಹುಡುಕಿಕೊಂಡಿದ್ದಾರೆ. ನಿನ್ನೆ ಎದುರು ತಂಡದಲ್ಲಿ ಅಲೆಕ್ಸಾಂಡರ್ ಇಸಾಕ್ ಇದ್ದ, ಬ್ರಿಟನ್‌ನ ದಾಖಲೆ ಬೆಲೆ, 125 ದಶಲಕ್ಷ ಪೌಂಡ್. ನಮ್ಮ ಗೋಲ್‌ಕೀಪರ್ ಲಾಮೆನ್ಸ್ ಅವನ ಹೊಡೆತ ತಡೆದ. ನೂರಕ್ಕೂ ಹೆಚ್ಚು ದಶಲಕ್ಷದ ಫ್ಲೋರಿಯನ್ ವಿರ್ಟ್ಜ್ ಬದಲಿ ಆಟಗಾರನಾಗಿ ಬಂದ, ನಿನ್ನೆಯವರೆಗೆ ಲೀಗ್‌ನಲ್ಲಿ ಗೋಲಿನ ಖಾತೆ ತೆರೆದಿರಲಿಲ್ಲ. ಇವರಿಬ್ಬರನ್ನು ಬೈಯುವ ಬರಹಗಳು ನಮ್ಮ ಯುನೈಟೆಡ್ ಗುಂಪುಗಳಲ್ಲೇ ತುಂಬಿ ತುಳುಕುತ್ತಿವೆ. ಲಿವರ್‌ಪೂಲ್ ಸೋತರೆ ನನಗಿಂತ ಖುಷಿಪಡುವವರು ಇಲ್ಲ. ಆದರೆ ಆ ಹುಡುಗರ ಬೆಲೆಯನ್ನು ಹಿಡಿದು ಬೈಯುವ ಕೆಲಸಕ್ಕೆ ನನ್ನನ್ನು ಕರೆಯಬೇಡಿ. ಇಸಾಕ್ ಮುಂದಿನ ವಾರ ಆಡಬೇಕೇ ಬೇಡವೇ ಎಂಬುದನ್ನು ಅವನ ಕಾಲು ಹೇಳಲಿ. ಅವನಿಗಾಗಿ ನ್ಯೂಕ್ಯಾಸಲ್‌ಗೆ ಸಂದಾಯವಾದ ಹಣ ಹೇಳುವುದು ಬೇಡ.

ಶನಿವಾರ ಓಲ್ಡ್ ಟ್ರಾಫರ್ಡ್‌ನಲ್ಲಿ ಬ್ರೈಟನ್ ವಿರುದ್ಧ ಪಂದ್ಯವಿದೆ. ಅವನ ಮೈ ಸರಿಯಿದ್ದರೆ ನಡುವಿನ ಜಾಗ ಅವನದೇ. ಮೊಣಕಾಲಿನ ಪೆಟ್ಟಿನಿಂದ ಚೇತರಿಸಿಕೊಂಡು ಮಾರ್ಟಿನೆಜ್ ಮರಳಿದರೆ ಎಡಗಡೆ ಆಡಲಿ, ಎಡಗಾಲಿನ ಆಟಗಾರನಿಗೆ ಅದೇ ಸರಿಯಾದ ಜಾಗ. ಲೆನಿ ಯೋರೊ ಇನ್ನೂ ಚಿಕ್ಕವನು, ಮಗ್ವಾಯರ್ ಪಕ್ಕದಲ್ಲಿ ಆಡಿ ಕಲಿಯಲಿ. ಮಗ್ವಾಯರ್‌ನ ಈಗಿನ ಒಪ್ಪಂದ 2026ರ ಜೂನ್‌ವರೆಗಿನದು, ಅವನಿಗೆ ಈಗ 32. ಇನ್ನೊಂದು ವರ್ಷ ಕೊಡಿ ಎಂಬುದು ನನ್ನ ಮಾತು. ಸಂಬಳ ಕಡಿಮೆ ಮಾಡಿಯಾದರೂ ಕೊಡಿ, ಅವನು ಒಪ್ಪುತ್ತಾನೆ ಎಂದೇ ನನ್ನ ನಂಬಿಕೆ. ಬೇಡ ಎನ್ನುವವರು ಕೆಳಗೆ ಬರೆಯಿರಿ, ಆದರೆ ಈ ಋತುವಿನ ಆಟವನ್ನು ನೋಡಿ ಬರೆಯಿರಿ. ಎಂಟು ಕೋಟಿ ಎಂದು ಶುರುವಾಗುವ ಕಾಮೆಂಟಿಗೆ ಇವತ್ತಿನಿಂದ ನಾನು ಉತ್ತರಿಸುವುದಿಲ್ಲ.