ಪ್ಲೂಟೋ ಯುದ್ಧದಲ್ಲಿ ಅಡುಗೆ ಯಾರದ್ದು?

ನಿನ್ನೆ ಮೊಮ್ಮಗ ಕೈಹಿಡಿದು ಎಳೆದು ಟಿವಿ ಮುಂದೆ ಕೂರಿಸಿದ. ಅನ್ಯಗ್ರಹದವರು ಭೂಮಿ ಮೇಲೆ ದಂಡೆತ್ತಿ ಬರುತ್ತಾರೆ, ನಮ್ಮ ಪಡೆ ಅವರನ್ನು ಪ್ಲೂಟೋ ಹತ್ತಿರವೇ ತಡೆಯುತ್ತದೆ. ಹೆಸರು ಬೇಡ ಬಿಡಿ, ಎಲ್ಲವೂ ಒಂದೇ ಥರ. ಕ್ಯಾಪ್ಟನ್ ಕಿರುಚುತ್ತಾನೆ, ಹಡಗುಗಳು ಉರಿಯುತ್ತವೆ, 5,000 ಸೈನಿಕರು ಮಿರಮಿರ ಮಿಂಚುವ ಕವಚ ತೊಟ್ಟು ಸಾಲಾಗಿ ನಿಲ್ಲುತ್ತಾರೆ.

ಎರಡೂವರೆ ಗಂಟೆಯಲ್ಲಿ ಒಬ್ಬನೇ ಒಬ್ಬ ಊಟ ಮಾಡಲಿಲ್ಲ ಕಣ್ರೀ!

ನಾನು ಎಎಸ್‌ಸಿಯವನು, ಅಂದರೆ ಸೈನ್ಯಕ್ಕೆ ಊಟ-ಸಾಮಾನು ಪೂರೈಸುವ ವಿಭಾಗದವನು ಅಂತ ನಿಮಗೆಲ್ಲ ಗೊತ್ತು. ಹಿಟ್ಟು, ಬೇಳೆ, ಸೀಮೆಎಣ್ಣೆ ಲೆಕ್ಕ ಬರೆದೇ ಸರ್ವಿಸ್ ಮುಗಿಸಿದವನು. ಲಡಾಖ್‌ನಲ್ಲಿ ಹಿಮ ಬಿದ್ದು ಜೋಜಿಲಾ ಕಣಿವೆ ದಾರಿ ಮುಚ್ಚುವ ಮೊದಲು ಇಡೀ ಚಳಿಗಾಲದ ಸಾಮಾನು ಮೇಲೆ ಸೇರಬೇಕಿತ್ತು. ಜನವರಿಯಲ್ಲಿ ಉಪ್ಪು ಮುಗಿದರೆ ಪಕ್ಕದ ಅಂಗಡಿಗೆ ಓಡೋಕಾಗುತ್ತಾ? ಲಾರಿ ಹೋಗದ ಕಡೆ ಹೇಸರಗತ್ತೆ. ಆ ಹೇಸರಗತ್ತೆಯ ಮೇವಿಗೂ ಲೆಕ್ಕ.

ರಾತ್ರಿ ನಿದ್ದೆ ಬರಲಿಲ್ಲ. ಕ್ಯಾಲೆಂಡರ್ ಹಿಂದೆ ಲೆಕ್ಕ ಹಾಕಿದೆ. ನಾಸಾದ ನ್ಯೂ ಹೊರೈಜನ್ಸ್ ನೌಕೆ 2006ರಲ್ಲಿ ಹೊರಟು ಪ್ಲೂಟೋ ಪಕ್ಕ ಹಾದುಹೋದದ್ದು 2015ರಲ್ಲಿ. ಒಂಬತ್ತು ವರ್ಷ ಅಂತಲೇ ಇಟ್ಟುಕೊಳ್ಳಿ. ತಲೆಗೆ ದಿನಕ್ಕೆ ಅರ್ಧ ಕೆಜಿ ಹಿಟ್ಟು. 5,000 ಜನಕ್ಕೆ 8,200 ಟನ್ ದಾಟುತ್ತದೆ. ನಮ್ಮ ಚಂದ್ರಯಾನ-3 ಹೊತ್ತ ರಾಕೆಟ್ಟು ಸುಮಾರು 640 ಟನ್ ತೂಕದ್ದು, ಬಹುಪಾಲು ಇಂಧನವೇ. ಅದು ಹೊತ್ತ ಸಾಮಾನು ಸುಮಾರು 3,900 ಕೆಜಿ. ಅಂದರೆ ಬರೀ ಹಿಟ್ಟನ್ನು ನೆಲದಿಂದ ಮೇಲೆತ್ತೋಕೇ ಅಂಥ ರಾಕೆಟ್ 2,100 ಬೇಕು. ಬೇಳೆ ಬೇರೆ. ವಾಪಸ್ ಬರುವಾಗಿನ ಊಟವೂ ಬೇರೆ, ಬದುಕಿದ್ದರೆ.

ಮಗ ನಕ್ಕ. "ಅಪ್ಪಾ, ಅದು ಕತೆ. ಆ ಕಾಲಕ್ಕೆ ಇಂಜಿನ್ನೇ ಬೇರೆ ಇರುತ್ತೆ, ಒಂದು ಗಂಟೇಲಿ ಹೋಗ್ತಾರೆ." ಸರಿಯಪ್ಪ, ಹೋಗಲಿ. ಒಂದು ಗಂಟೆಯಲ್ಲಿ ಹೋದವರು ಅಲ್ಲಿ ಮೂರು ತಿಂಗಳು ಕಾದರಲ್ಲ, ಆಗ ತಿಂದದ್ದೇನು, ಕವಚಾನಾ? ತಲೆ ಮೇಲೆ ಬರೀ 400 ಕಿಲೋಮೀಟರ್ ಎತ್ತರದಲ್ಲಿರೋ ಬಾಹ್ಯಾಕಾಶ ನಿಲ್ದಾಣಕ್ಕೇ ವರ್ಷಕ್ಕೆ ಹಲವು ಸಲ ಸಾಮಾನಿನ ನೌಕೆ ಹೋಗುತ್ತೆ. ಅಲ್ಲಿರೋದು ಸಾಮಾನ್ಯವಾಗಿ ಏಳು ಜನ. ಅವರೂ ಮೂತ್ರ ಶುದ್ಧ ಮಾಡಿ ಕುಡೀತಾರೆ. ಸಿನಿಮಾದ ಕ್ಯಾಪ್ಟನ್ ಕೈಯಲ್ಲಿ ಮಾತ್ರ ಸದಾ ಬಿಸಿ ಕಾಫಿ!

ಈ ವಿಷಯದಲ್ಲಿ ಮರ್ಯಾದೆ ಉಳಿಸಿದವನು ಇಂಗ್ಲಿಷ್ ಕತೆಗಾರ ಎಚ್.ಜಿ. ವೆಲ್ಸ್ ಒಬ್ಬನೇ. 1898ರ ಅವನ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಪುಸ್ತಕದಲ್ಲಿ ಮಂಗಳದವರು ನಮ್ಮ ರಕ್ತವನ್ನೇ ಹೀರುತ್ತಾರೆ. ರೇಷನ್ ನಾವೇ! ಅಸಹ್ಯ, ನಿಜ. ಆದರೆ ವ್ಯವಸ್ಥೆ ಅಂತ ಒಂದಿತ್ತಲ್ಲ. ಕೊನೆಗೆ ಅವರು ಸಾಯೋದು ನಮ್ಮ ತೋಪಿಗಲ್ಲ, ಭೂಮಿಯ ರೋಗಾಣುಗಳಿಗೆ. ಊಟ ಯೋಚಿಸಿದರು, ಡಾಕ್ಟರನ್ನು ಮರೆತರು.

ಇಷ್ಟೊಂದು ಸಿಟ್ಟು ಯಾಕೆ ಅಂತೀರಾ? ಹೇಳಿಬಿಡ್ತೀನಿ. ರಿಟೈರ್ ಆಗಿ ಬಂದ ವರ್ಷ ನೆಂಟರ ಮದುವೆಯಲ್ಲಿ ಒಬ್ಬರು, "ಎಷ್ಟು ಜನ ಶತ್ರುಗಳನ್ನ ಹೊಡೆದ್ರಿ?" ಅಂದರು. "ನಂದು ಸಪ್ಲೈ" ಅಂದೆ. "ಓ, ಅಡುಗೆ ಕಡೆಯಾ" ಅಂತ ಪಂಕ್ತಿಯಲ್ಲಿ ನಕ್ಕರು. ನಗುತ್ತಲೇ ಎರಡನೇ ಸಲ ಅನ್ನ ಹಾಕಿಸಿಕೊಂಡರು. ಆ ಮುಖ ಇನ್ನೂ ಮರೆತಿಲ್ಲ.

ಸಿನಿಮಾ ಮುಗೀತು, ಭೂಮಿ ಉಳೀತು. ಮೊಮ್ಮಗ ನನ್ನ ಕಡೆ ತಿರುಗಿ "ತಾತ, ಹಸಿವು" ಅಂದ. ಸೊಸೆ ಮನೆಯಲ್ಲಿರಲಿಲ್ಲ. ಉಪ್ಪಿಟ್ಟು ಮಾಡ್ತೀನಿ ನೋಡು ಅಂತ ಜಂಬದಿಂದ ಎದ್ದು ಹೋದೆ. ಬಾಣಲೆ ಇಟ್ಟು, ಒಗ್ಗರಣೆ ಹಾಕಿ, ಡಬ್ಬ ತೆಗೆದರೆ ತಳದಲ್ಲಿ ಎರಡು ಚಮಚ ರವೆ.

ನಮ್ಮ ಯೂನಿಟ್ಟಿನವರಿಗೆ ಯಾರೂ ಇದನ್ನ ಹೇಳಬೇಡಿ.